ಬಲವಿದ್ದೂ ದರ್ಪವಿಲ್ಲದ ಹುಡುಗಿ: ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರ ಬದುಕು ಮತ್ತು ಬರಹ

1944ರ ಏಪ್ರಿಲ್ ತಿಂಗಳಿನಲ್ಲಿ ಸ್ಟಾಕ್‌ಹೋಮ್‌ನ ಗೃಹಿಣಿಯೊಬ್ಬರು ಸ್ವೀಡನ್ನಿನ ಹೆಸರಾಂತ ಬೊನ್ನಿಯರ್ಸ್ ಪ್ರಕಾಶನಕ್ಕೆ ಮಕ್ಕಳ ಕಥೆಯೊಂದರ ಹಸ್ತಪ್ರತಿಯನ್ನು ಕಳುಹಿಸಿದರು. ಮಕ್ಕಳಲ್ಲಿ ಅಧಿಕಾರದ ಹಂಬಲ ಎಷ್ಟು ಸಹಜವಾದುದೆಂದು ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಹೇಳಿದ್ದನ್ನು ಜೊತೆಗಿಟ್ಟ ಪತ್ರದಲ್ಲಿ ನೆನಪಿಸಿದ್ದ ಅವರು, ಇದನ್ನು ಓದಿ ತಾವು ಮಕ್ಕಳ ಕಲ್ಯಾಣ ಮಂಡಳಿಗೆ ಸುದ್ದಿ ಮುಟ್ಟಿಸುವುದಿಲ್ಲವೆಂದು ನಂಬಿದ್ದೇನೆ ಎಂಬರ್ಥದ ನಗೆಮಾತಿನಿಂದ ಪತ್ರವನ್ನು ಮುಗಿಸಿದ್ದರು. ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಿರುಗಿಸಿದರು. ಆ ಕಥೆಯ ನಾಯಕಿ ಪಿಪ್ಪಿ ಲೋಂಗ್‌ಸ್ಟ್ರುಂಪ್, ಅಂದರೆ ಉದ್ದ ಕಾಲುಚೀಲದ ಪಿಪ್ಪಿ. ಬರೆದವರು ಆಸ್ಟ್ರಿಡ್ ಲಿಂಡ್‌ಗ್ರೆನ್. ಮುಂದೆ ನೂರಕ್ಕೂ ಹೆಚ್ಚು ಭಾಷೆಗಳಿಗೆ ಹೋದ ಲೇಖಕಿಯ ಮೊದಲ ಪುಸ್ತಕಗಳಲ್ಲೊಂದನ್ನು ಕೈಬಿಟ್ಟ ಪ್ರಕಾಶಕರ ಕಥೆ ಸ್ವಾರಸ್ಯವಾದುದೇ ಆದರೂ, ಪತ್ರದ ಕೊನೆಯ ಸಾಲು ಅದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. ತನ್ನ ಮೊದಲ ಮಗುವನ್ನು ಮೂರು ವರ್ಷಗಳ ಕಾಲ ಬೇರೆ ದೇಶದಲ್ಲಿ ಬೇರೆಯವರ ಮಡಿಲಲ್ಲಿ ಬಿಟ್ಟಿರಬೇಕಾದ ತಾಯಿಯೊಬ್ಬಳು ಆಡಿದ ನಗೆಮಾತು ಅದು.

ಲಿಂಡ್‌ಗ್ರೆನ್ ಅವರ ಕಥೆಗಳನ್ನೂ, ಅವರು ನಡೆಸಿದ ಸಾರ್ವಜನಿಕ ವಾಗ್ವಾದಗಳನ್ನೂ ಒಂದೇ ಎಳೆಯಲ್ಲಿ ಪೋಣಿಸುವ ಪ್ರಶ್ನೆಯೊಂದಿದೆ: ಬಲವುಳ್ಳವರು ಬಲವಿಲ್ಲದವರೊಡನೆ ಹೇಗೆ ನಡೆದುಕೊಳ್ಳಬೇಕು? ತುಂಟ ಹುಡುಗಿಯ ಕಥೆ ಬರೆದವರು ತೆರಿಗೆಯ ಬಗ್ಗೆ, ಮಕ್ಕಳಿಗೆ ಬೀಳುವ ಪೆಟ್ಟಿನ ಬಗ್ಗೆ, ಕೊಟ್ಟಿಗೆಯ ಹಸುಗಳ ಬಗ್ಗೆ ಏಕೆ ಮಾತನಾಡಿದರು ಎಂಬುದು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡರೆ ಮಾತ್ರ ಅರ್ಥವಾಗುತ್ತದೆ.

ಅವರು ಹುಟ್ಟಿದ್ದು 1907ರ ನವೆಂಬರ್ 14ರಂದು, ದಕ್ಷಿಣ ಸ್ವೀಡನ್ನಿನ ಸ್ಮೋಲಂಡ್ ಪ್ರಾಂತ್ಯದ ವಿಮ್ಮರ್‌ಬಿ ಎಂಬ ಚಿಕ್ಕ ಪಟ್ಟಣದ ಅಂಚಿನಲ್ಲಿದ್ದ ನೇಸ್ ಎಂಬ ಹೊಲಮನೆಯಲ್ಲಿ. ತಂದೆ ಸಾಮುಯೆಲ್ ಆಗಸ್ಟ್ ಎರಿಕ್ಸನ್ ಚರ್ಚಿನ ಜಮೀನನ್ನು ಗೇಣಿಗೆ ಮಾಡುತ್ತಿದ್ದ ರೈತ, ತಾಯಿ ಹನ್ನಾ. ಅಣ್ಣ ಗುನ್ನಾರ್, ತಂಗಿಯರಾದ ಸ್ಟೀನಾ ಮತ್ತು ಇಂಗೆಗೆರ್ಡ್ ಸೇರಿ ಮನೆಯಲ್ಲಿ ನಾಲ್ವರು ಮಕ್ಕಳು. ಕಳೆ ಕೀಳುವುದು, ಸುಗ್ಗಿಯಲ್ಲಿ ಕೈಜೋಡಿಸುವುದು ಮಕ್ಕಳಿಗೂ ತಪ್ಪುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಮಾತ್ರ ಅವರನ್ನು ಯಾರೂ ತಡೆಯುತ್ತಿರಲಿಲ್ಲ. ತಮ್ಮ ಬಾಲ್ಯವನ್ನು ಬಾಲ್ಯವಾಗಿಸಿದ್ದು ಭದ್ರತೆ ಮತ್ತು ಸ್ವಾತಂತ್ರ್ಯ ಎಂಬ ಎರಡು ಸಂಗತಿಗಳು ಎಂದು ಲಿಂಡ್‌ಗ್ರೆನ್ ಮುಂದೆ ಅನೇಕ ಬಾರಿ ಹೇಳಿದರು. ಈ ಎರಡನ್ನೂ ಜೋಡಿಯಾಗಿಯೇ ಗಮನಿಸಬೇಕು, ಏಕೆಂದರೆ ಅವರ ಕಥೆಗಳಲ್ಲಿ ಇವುಗಳಲ್ಲೊಂದು ಇಲ್ಲವಾದಾಗಲೆಲ್ಲ ಮಗು ಸಂಕಟಕ್ಕೆ ಬೀಳುತ್ತದೆ. ಪಿಪ್ಪಿಗೆ ಸ್ವಾತಂತ್ರ್ಯವಿದೆ, ಆದರೆ ರಾತ್ರಿ ಮಲಗು ಎನ್ನುವ ತಾಯಿಯಿಲ್ಲ. ಪಕ್ಕದ ಮನೆಯ ಟೊಮ್ಮಿ ಮತ್ತು ಅನ್ನಿಕಾಗೆ ಭದ್ರತೆಯಿದೆ, ಸಾಹಸವಿಲ್ಲ.

ಅವರು ಮೊಟ್ಟಮೊದಲು ಕಥೆಯ ರುಚಿ ಕಂಡದ್ದು ಪುಸ್ತಕದ ಕಪಾಟಿನೆದುರಲ್ಲ, ಹೊಲಮನೆಯ ದನಗಾಹಿಯ ಅಡುಗೆಮನೆಯಲ್ಲಿ. ದನಗಾಹಿಯ ಮಗಳು ರಾಕ್ಷಸನೊಬ್ಬನ ಮತ್ತು ಕಿನ್ನರಿಯೊಬ್ಬಳ ಕಥೆಯನ್ನು ಓದಿ ಹೇಳಿದ ಆ ಘಳಿಗೆಯನ್ನು ಅವರು ಮುದಿವಯಸ್ಸಿನವರೆಗೂ ನೆನೆಯುತ್ತಿದ್ದರು. ಶಾಲೆಯಲ್ಲಿ ಬರೆದ ಪ್ರಬಂಧವೊಂದು ಹದಿಮೂರರ ವಯಸ್ಸಿನಲ್ಲೇ ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಒಂದು ಬೇಸಿಗೆಯಲ್ಲಿ, ಇನ್ನು ಮುಂದೆ ತನಗೆ ಆಡಲು ಬರುವುದಿಲ್ಲವೆಂದು ಆಕೆಗೆ ತಟ್ಟನೆ ಹೊಳೆಯಿತಂತೆ. ಆಟ ನಿಂತುಹೋದ ಆ ದುಃಖವನ್ನು ಅವರು ಮರೆಯಲಿಲ್ಲ.

ಶಾಲೆ ಮುಗಿಸಿದ ಮೇಲೆ ಆಸ್ಟ್ರಿಡ್ ಅದೇ ಪತ್ರಿಕೆಯಲ್ಲಿ ಕೆಲಸ ಕಲಿಯಲು ಸೇರಿದರು. ಹದಿನೆಂಟರ ಹರೆಯದಲ್ಲಿ, ತಮಗಿಂತ ಮೂವತ್ತು ವರ್ಷ ಹಿರಿಯನಾದ, ವಿವಾಹಿತನಾದ ಸಂಪಾದಕನಿಂದ ಗರ್ಭಿಣಿಯಾದರು. ಆತ ಮದುವೆಗೆ ಸಿದ್ಧನಿದ್ದ; ಆಕೆ ಒಪ್ಪಲಿಲ್ಲ. 1926ರ ಸ್ವೀಡನ್ನಿನ ಸಣ್ಣ ಊರಿನಲ್ಲಿ ಮದುವೆಯಾಗದೆ ಬಸಿರಾದ ಹುಡುಗಿ ಊರವರ ಬಾಯಿಗೆ ಹೇಗೆ ಬಿದ್ದಿರಬಹುದೆಂದು ಊಹಿಸಲು ನಮಗೆ ಹೆಚ್ಚು ಕಷ್ಟವಾಗದು. ಆಸ್ಟ್ರಿಡ್ ಊರು ಬಿಟ್ಟು ಸ್ಟಾಕ್‌ಹೋಮ್ ಸೇರಿ ಶೀಘ್ರಲಿಪಿ ಮತ್ತು ಬೆರಳಚ್ಚು ಕಲಿಯತೊಡಗಿದರು. ಹೆರಿಗೆಗೆ ಹೋದದ್ದು ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ. ಮಗುವಿನ ತಂದೆಯ ಹೆಸರನ್ನು ದಾಖಲೆಗೆ ಕೊಡದೆ ಹೆರಲು ಅಲ್ಲಿನ ರಿಗ್ಸ್‌ಹಾಸ್ಪಿಟಲ್‌ನಲ್ಲಿ ಅವಕಾಶವಿತ್ತು. ಇಂಥ ಹೆಣ್ಣುಮಕ್ಕಳಿಗೆ ನೆರವಾಗುತ್ತಿದ್ದ ಎವಾ ಆಂಡೇನ್ ಎಂಬ ವಕೀಲೆ ಈ ದಾರಿ ತೋರಿಸಿದ್ದರು. ಡಿಸೆಂಬರ್ 4ರಂದು ಹುಟ್ಟಿದ ಗಂಡುಮಗು ಲಾರ್ಸ್‌ನನ್ನು ಅಲ್ಲಿಯೇ ಸಾಕುತಾಯಿಯೊಬ್ಬರ ಬಳಿ ಬಿಟ್ಟು ತಾಯಿ ಸ್ಟಾಕ್‌ಹೋಮ್‌ಗೆ ಮರಳಬೇಕಾಯಿತು.

ಮುಂದಿನ ಮೂರು ವರ್ಷ ಆಕೆ ಅಗ್ಗದ ರೈಲು ಟಿಕೆಟ್ಟಿಗೆ ಹಣ ಕೂಡಿದಾಗಲೆಲ್ಲ ರಾತ್ರಿಯಿಡೀ ಪಯಣಿಸಿ, ಒಂದೆರಡು ದಿನ ಮಗನೊಡನಿದ್ದು, ಮತ್ತೆ ಕಚೇರಿಗೆ ಓಡಿಬರುತ್ತಿದ್ದರು. 1930ರಲ್ಲಿ ಸಾಕುತಾಯಿಗೆ ಕಾಯಿಲೆಯಾದಾಗ ಮಗುವನ್ನು ಕರೆತಂದು, ಬಾಡಿಗೆ ಕೋಣೆಯಲ್ಲಿ ನೋಡಿಕೊಳ್ಳಲಾಗದೆ ಕೆಲಕಾಲ ನೇಸ್‌ನಲ್ಲಿ ಅಜ್ಜ ಅಜ್ಜಿಯರ ಬಳಿ ಬಿಟ್ಟರು. 1931ರಲ್ಲಿ, ತಾವು ಕೆಲಸ ಮಾಡಿದ್ದ ಮೋಟಾರು ಕ್ಲಬ್ಬಿನ ಮೇಲಧಿಕಾರಿ ಸ್ಟೂರೆ ಲಿಂಡ್‌ಗ್ರೆನ್ ಅವರನ್ನು ಮದುವೆಯಾದ ಮೇಲಷ್ಟೇ ತಾಯಿ ಮಗ ಒಂದೇ ಸೂರಿನಡಿ ಸೇರುವಂತಾಯಿತು. 1934ರಲ್ಲಿ ಮಗಳು ಕಾರಿನ್ ಹುಟ್ಟಿದಳು. ಒಂಟಿಯಾದ, ಯಾರೋ ಬಂದು ಕರೆದೊಯ್ಯುವರೆಂದು ಕಾಯುವ ಗಂಡುಮಕ್ಕಳು ಲಿಂಡ್‌ಗ್ರೆನ್ ಅವರ ಕಥೆಗಳಲ್ಲಿ ಮತ್ತೆ ಮತ್ತೆ ಏಕೆ ಬರುತ್ತಾರೆಂದು ವಿಮರ್ಶಕರು ಬಹಳ ಕಾಲ ಕೇಳುತ್ತಿದ್ದರು. 1954ರ ‘ಮಿಯೊ, ನನ್ನ ಮಿಯೊ’ ಕಥೆಯಲ್ಲಿ ಸಾಕುಮನೆಯ ಅನಾದರದಲ್ಲಿ ಬೆಳೆದ ಹುಡುಗನೊಬ್ಬ ಪಾರ್ಕಿನ ಬೆಂಚಿನ ಮೇಲೆ ಕುಳಿತಿದ್ದಾಗಲೇ ದೂರದ ನಾಡಿನ ರಾಜನಾದ ತನ್ನ ತಂದೆಯನ್ನು ಸೇರುತ್ತಾನೆ. ಬದುಕಿನ ಸಂಗತಿಯೊಂದು ಕಥೆಯಲ್ಲಿ ಹಾಗೆಯೇ ಇಳಿದಿದೆ ಎನ್ನುವುದು ಸುಲಭದ ಓದಾದೀತು. ಆದರೆ ಕಾಯುವ ಮಗುವಿನ ಮನಸ್ಸು ಈ ಲೇಖಕಿಗೆ ಪುಸ್ತಕದಿಂದ ತಿಳಿದದ್ದಲ್ಲವೆಂಬುದಂತೂ ಸ್ಪಷ್ಟ.

ಪಿಪ್ಪಿ ಹುಟ್ಟಿದ್ದು ಎರಡನೆಯ ಮಹಾಯುದ್ಧದ ನಡುವೆ. 1941ರಲ್ಲಿ ನ್ಯುಮೋನಿಯಾದಿಂದ ಮಲಗಿದ್ದ ಕಾರಿನ್, ಆ ಕ್ಷಣಕ್ಕೆ ಬಾಯಿಗೆ ಬಂದ ಹೆಸರೊಂದನ್ನು ಹೇಳಿ, ಪಿಪ್ಪಿ ಲೋಂಗ್‌ಸ್ಟ್ರುಂಪ್‌ಳ ಕಥೆ ಹೇಳು ಎಂದು ಕೇಳಿದಳು. ಹೆಸರೇ ವಿಚಿತ್ರವಾದ್ದರಿಂದ ಹುಡುಗಿಯೂ ವಿಚಿತ್ರವಾದಳು. 1944ರ ಮಾರ್ಚ್‌ನಲ್ಲಿ ಹಿಮದ ಮೇಲೆ ಜಾರಿ ಕಾಲು ಉಳುಕಿಸಿಕೊಂಡು ಮಲಗಿದ್ದ ಲಿಂಡ್‌ಗ್ರೆನ್, ಮೂರು ವರ್ಷ ಬಾಯಲ್ಲಿ ಹೇಳಿದ್ದನ್ನು ಶೀಘ್ರಲಿಪಿಯಲ್ಲಿ ಬರೆದು, ಬೆರಳಚ್ಚು ಮಾಡಿ, ಮೇ 21ರಂದು ಮಗಳ ಹತ್ತನೆಯ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಟ್ಟರು.

ಆ ಯುದ್ಧದ ವರ್ಷಗಳಲ್ಲಿ ಅವರು ಮಾಡುತ್ತಿದ್ದ ಇನ್ನೆರಡು ಕೆಲಸಗಳು ಬಹಳ ಕಾಲ ಓದುಗರಿಗೆ ತಿಳಿದಿರಲಿಲ್ಲ. ಸ್ವೀಡನ್ ತಟಸ್ಥ ರಾಷ್ಟ್ರವಾಗಿತ್ತು. ಆದರೂ ಗಡಿ ದಾಟುವ ಅಂಚೆಯನ್ನು ಸರ್ಕಾರ ಗುಟ್ಟಾಗಿ ತೆರೆದು ಓದಿಸುತ್ತಿತ್ತು, ಆ ಓದುವವರಲ್ಲಿ ಲಿಂಡ್‌ಗ್ರೆನ್ ಒಬ್ಬರಾಗಿದ್ದರು. ಹೀಗೆ ಪತ್ರಿಕೆಗಳಲ್ಲಿ ಬಾರದ ನೋವು ಅವರ ಮೇಜಿಗೆ ಬರುತ್ತಿತ್ತು. ಎರಡನೆಯದು ದಿನಚರಿ: 1939ರ ಸೆಪ್ಟೆಂಬರ್ 1ರಂದು ಆರಂಭಿಸಿ ಯುದ್ಧ ಮುಗಿಯುವವರೆಗೆ, ಪತ್ರಿಕೆಯ ತುಣುಕುಗಳನ್ನು ಅಂಟಿಸಿ, ಒಂದೆಡೆ ಹಿಟ್ಲರ್ ಮತ್ತು ಸ್ಟಾಲಿನ್‌ರ ಸುದ್ದಿಯನ್ನು, ಇನ್ನೊಂದೆಡೆ ಕ್ರಿಸ್‌ಮಸ್ ಊಟದ ವಿವರವನ್ನು ಬರೆದಿಟ್ಟರು. 2015ರಲ್ಲಿ ಇವು ಪುಸ್ತಕವಾಗಿ ಬಂದ ಮೇಲೆ ಪಿಪ್ಪಿಯನ್ನು ಓದುವ ಬಗೆಯೂ ಸ್ವಲ್ಪ ಬದಲಾಯಿತು. ಪಿಪ್ಪಿ ಪ್ರಪಂಚದಲ್ಲೇ ಬಲಶಾಲಿಯಾದ ಹುಡುಗಿ. ಕುದುರೆಯನ್ನು ಒಂದೇ ಪಟ್ಟಿಗೆ ಎತ್ತಿ ಜಗಲಿಯಿಂದ ಅಂಗಳಕ್ಕಿಳಿಸುತ್ತಾಳೆ. ಸರ್ಕಸ್ಸಿಗೆ ಹೋದಾಗ ಅಲ್ಲಿ ಮೆರೆಯುತ್ತಿದ್ದ ಜಟ್ಟಿಯನ್ನು ಅವಳು ನೆಲಕ್ಕೆ ಕೆಡವುತ್ತಾಳೆ. ಆ ಜಟ್ಟಿಯ ಹೆಸರು ಅಡಾಲ್ಫ್. 1945ರ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಇಷ್ಟೆಲ್ಲ ಬಲವಿದ್ದೂ ಪಿಪ್ಪಿ ಯಾರ ಮೇಲೂ ದರ್ಪ ತೋರುವುದಿಲ್ಲ. ಮನೆಗೆ ನುಗ್ಗಿದ ಕಳ್ಳರನ್ನು ಬೀರುವಿನ ಮೇಲೆ ಕೂರಿಸಿ, ಕುಣಿಸಿ, ಕೊನೆಗೆ ಕೈಗೊಂದು ಚಿನ್ನದ ನಾಣ್ಯ ಕೊಟ್ಟು ಕಳುಹಿಸುತ್ತಾಳೆ. ಅಧಿಕಾರವಿದ್ದೂ ಅದನ್ನು ದುರುಪಯೋಗಪಡಿಸದಿರುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ ಎಂಬ ಅರ್ಥದಲ್ಲಿ ಲಿಂಡ್‌ಗ್ರೆನ್ ತಮ್ಮ ನಾಯಕಿಯನ್ನು ವಿವರಿಸುತ್ತಿದ್ದರು.

ಬೊನ್ನಿಯರ್ಸ್ ಬೇಡವೆಂದ ಕಥೆಯನ್ನು ತಿದ್ದಿ, ಆಗಿನ್ನೂ ಚಿಕ್ಕದಾಗಿದ್ದ ರಾಬೆನ್ ಮತ್ತು ಶೋಗ್ರೆನ್ ಪ್ರಕಾಶನದ ಸ್ಪರ್ಧೆಗೆ ಅವರು ಕಳುಹಿಸಿದರು. ಹಿಂದಿನ ವರ್ಷ ಅದೇ ಪ್ರಕಾಶನದ ಇನ್ನೊಂದು ಸ್ಪರ್ಧೆಯಲ್ಲಿ, ಹುಡುಗಿಯರಿಗಾಗಿ ಬರೆದ ಕಾದಂಬರಿಗೆ ಅವರಿಗೆ ಎರಡನೆಯ ಬಹುಮಾನ ಬಂದಿತ್ತು. 1945ರಲ್ಲಿ ಪಿಪ್ಪಿಗೆ ಮೊದಲನೆಯದೇ ಬಂತು. ಡೆನ್ಮಾರ್ಕಿನ ಕಲಾವಿದೆ ಇಂಗ್ರಿಡ್ ವಾಂಗ್ ನ್ಯೂಮನ್ ಅವರ ಚಿತ್ರಗಳೊಂದಿಗೆ ಪುಸ್ತಕ ಹೊರಬಂದಾಗ ಮಕ್ಕಳು ಮುಗಿಬಿದ್ದರು, ವಿಮರ್ಶಕರೂ ಮೊದಲು ಮೆಚ್ಚಿದರು. ಮರುವರ್ಷ ಯೋನ್ ಲಾಂಡ್‌ಕ್ವಿಸ್ಟ್ ಎಂಬ ಪ್ರಾಧ್ಯಾಪಕರು ಪತ್ರಿಕೆಯೊಂದರಲ್ಲಿ ಹರಿಹಾಯ್ದರು: ಸರಿಯಾದ ಮಗು ಯಾವುದೂ ಕಾಫಿ ಕೂಟದಲ್ಲಿ ಕೇಕನ್ನು ಇಡಿಯಾಗಿ ತಿಂದುಹಾಕುವುದಿಲ್ಲ, ಚೆಲ್ಲಿದ ಸಕ್ಕರೆಯ ಮೇಲೆ ಬರಿಗಾಲಲ್ಲಿ ನಡೆಯುವುದಿಲ್ಲ, ಇದೆಲ್ಲ ಬುದ್ಧಿ ಕೆಟ್ಟವರ ಕಲ್ಪನೆ ಎಂಬುದು ಅವರ ವಾದದ ಸಾರ. ಸಕ್ಕರೆಯ ಮೇಲೆ ನಡೆಯುವ ಆಸೆ ಯಾವ ಮಗುವಿಗೂ ಇರದೆಂದು ಅವರು ಹೇಗೆ ತೀರ್ಮಾನಿಸಿದರೋ ತಿಳಿಯದು. ಮಕ್ಕಳ ಪುಸ್ತಕವೆಂದರೆ ನೀತಿ ಕಲಿಸುವ ಸಾಧನ, ತಪ್ಪು ಮಾಡಿದ ಮಗುವಿಗೆ ಕಥೆಯೊಳಗೇ ತಕ್ಕ ಶಾಸ್ತಿಯಾಗಬೇಕು ಎಂಬ ಎಣಿಕೆ ಗಟ್ಟಿಯಾಗಿದ್ದ ಆ ಕಾಲದಲ್ಲಿ, ಪಿಪ್ಪಿಯ ನಿಜವಾದ ಅಪರಾಧ ಕೇಕ್ ತಿಂದದ್ದಲ್ಲ, ತಿಂದ ಮೇಲೂ ಶಿಕ್ಷೆಗೆ ಒಳಗಾಗದೆ ಉಳಿದದ್ದು.

ಈ ಪುಸ್ತಕದ ಇನ್ನೊಂದು ತೊಡಕನ್ನೂ ಇಲ್ಲಿಯೇ ಹೇಳಬೇಕು. ದಕ್ಷಿಣ ಸಮುದ್ರದ ದ್ವೀಪವೊಂದರ ದೊರೆಯಾಗಿರುವ ಪಿಪ್ಪಿಯ ತಂದೆಯನ್ನು ಮೂಲದಲ್ಲಿ ಕರೆದಿರುವ ಪದ ಕಪ್ಪು ಜನರನ್ನು ಹೀಗಳೆಯುವಂಥದು. ಲೇಖಕಿಯೇ ಬದುಕಿದ್ದಾಗ ಆ ಪದ ಹಳತಾಯಿತೆಂದು ಒಪ್ಪಿದ್ದರು; 2015ರ ಸ್ವೀಡಿಷ್ ಆವೃತ್ತಿಯಲ್ಲಿ ಅದು ‘ದಕ್ಷಿಣ ಸಮುದ್ರದ ದೊರೆ’ ಎಂದು ಬದಲಾಯಿತು. ಪದ ಬದಲಿಸುವುದು ಸುಲಭ, ಯುರೋಪಿನ ಹೊರಗಿನ ಲೋಕವೆಲ್ಲ ಬಿಳಿಯ ನಾವಿಕನೊಬ್ಬ ಹೋಗಿ ಆಳಬಹುದಾದ ತಮಾಷೆಯ ತಾಣ ಎಂಬ ಆ ಕಾಲದ ದೃಷ್ಟಿ ಕಥೆಯೊಳಗೆ ಇನ್ನೂ ಉಳಿದಿದೆ. ಪಿಪ್ಪಿ ಸುಳ್ಳು ಹೇಳುವಾಗ ಈಜಿಪ್ಟ್, ಕಾಂಗೊ ಎಲ್ಲವೂ ಬರುತ್ತವೆ. ಇಂಡಿಯಾದ ಆಚೆಯ ನಾಡಿನಲ್ಲಿ ಜನ ಕೈಗಳ ಮೇಲೆ ನಡೆಯುತ್ತಾರೆಂದೂ ಅವಳು ಹೇಳುತ್ತಾಳೆ. ಅವಳ ಸುಳ್ಳುಗಳನ್ನು ಕಥೆಯಲ್ಲಿ ಯಾರೂ ನಂಬುವುದಿಲ್ಲ ಎಂಬುದು ಒಂದು ಸಮಾಧಾನ.

1946ರಿಂದ 1970ರವರೆಗೆ ಲಿಂಡ್‌ಗ್ರೆನ್ ಅದೇ ಪ್ರಕಾಶನದಲ್ಲಿ ಮಕ್ಕಳ ಪುಸ್ತಕಗಳ ಸಂಪಾದಕಿಯಾಗಿದ್ದರು. ಬೆಳಿಗ್ಗೆ ಡಾಲಾಗಾಟನ್ ಬೀದಿಯ ಮನೆಯಲ್ಲಿ, ಹಾಸಿಗೆಯಲ್ಲಿ ಕುಳಿತೇ ಶೀಘ್ರಲಿಪಿಯಲ್ಲಿ ತಮ್ಮ ಕಥೆ. ಮಧ್ಯಾಹ್ನದ ಮೇಲೆ ಕಚೇರಿಯಲ್ಲಿ ಬೇರೆಯವರ ಹಸ್ತಪ್ರತಿ. 1952ರಲ್ಲಿ ಪತಿ ತೀರಿಕೊಂಡ ಮೇಲೂ ಈ ಕ್ರಮ ತಪ್ಪಲಿಲ್ಲ. ತಂದೆ ಬೆಳೆದ ಸೆವೆಡ್ಸ್‌ಟಾರ್ಪ್ ಎಂಬ ಹಳ್ಳಿಯ ಮೂರು ಮನೆಗಳು ಬುಲ್ಲರ್‌ಬಿಯ ಮಕ್ಕಳ ಕಥೆಗಳಾದವು. ಬೆನ್ನಿಗೆ ಪಂಖ ಕಟ್ಟಿಕೊಂಡು ಛಾವಣಿಯ ಮೇಲೆ ವಾಸಿಸುವ, ಜಂಬದ ಕಾರ್ಲ್‌ಸನ್ ರಷ್ಯಾದ ಮಕ್ಕಳಿಗೆ ಪಿಪ್ಪಿಗಿಂತ ಹೆಚ್ಚು ಪ್ರಿಯನಾದ. 1958ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂತು. ಅಳುತ್ತಿದ್ದ ಮೊಮ್ಮಗನನ್ನು ಸುಮ್ಮನಿರಿಸಲು, ಲೊನ್ನೆಬೆರಿಯ ಎಮಿಲ್ ಒಮ್ಮೆ ಏನು ಮಾಡಿದ ಗೊತ್ತೇ ಎಂದು ಕೇಳಿದ್ದರಿಂದ ಎಮಿಲ್ ಹುಟ್ಟಿದ. 1963ರಲ್ಲಿ ಪುಸ್ತಕವಾದ ಅವನ ಕಥೆಗಳಲ್ಲಿ ಸಾರಿನ ಬಟ್ಟಲೊಳಗೆ ತಲೆ ಸಿಕ್ಕಿಸಿಕೊಳ್ಳುವ ಎಮಿಲ್, ತಂದೆ ಸಿಟ್ಟಾದಾಗಲೆಲ್ಲ ಮರಗೆಲಸದ ಕೊಟ್ಟಿಗೆಗೆ ಓಡಿ ಒಳಗಿನಿಂದ ಅಗಳಿ ಹಾಕಿಕೊಂಡು ಒಂದೊಂದು ಗೊಂಬೆ ಕೆತ್ತುತ್ತಾನೆ. ಶಿಕ್ಷೆಯ ಜಾಗ ಮಗುವಿನ ಕೈಗೆ ಕಲೆಯ ಜಾಗವಾಗುವ ಈ ಬಗೆ ಲಿಂಡ್‌ಗ್ರೆನ್ ಅವರದೇ.

1973ರ ‘ಸಿಂಹಹೃದಯದ ಸೋದರರು’ ಕಾದಂಬರಿಯಲ್ಲಿ ಅವರು ಸಾವನ್ನೇ ಮುಂದಿಟ್ಟರು. ಕಾಯಿಲೆಯ ತಮ್ಮ, ಅವನನ್ನು ಬೆಂಕಿಯಿಂದ ಉಳಿಸಲು ಹೋಗಿ ತಾನೇ ಮೊದಲು ಸಾಯುವ ಅಣ್ಣ, ಇಬ್ಬರೂ ಮತ್ತೆ ಸೇರುವ ನಾಂಗಿಯಾಲಾ ಎಂಬ ನಾಡು, ಅಲ್ಲಿಯೂ ಕಾಡುವ ನಿರಂಕುಶ ದೊರೆ: ಇದರ ಕೊನೆಯಲ್ಲಿ ತಮ್ಮನೇ ಅಣ್ಣನನ್ನು ಹೊತ್ತು ಪ್ರಪಾತಕ್ಕೆ ಜಿಗಿಯುತ್ತಾನೆ. ಇದು ಮಕ್ಕಳಿಗೆ ಆತ್ಮಹತ್ಯೆಯನ್ನು ಕಲಿಸುತ್ತದೆಂದು ಕೆಲವರು ದೂರಿದರು. ದೊಡ್ಡವರು ಕಂಡದ್ದು ಎರಡು ಸಾವು. ಅನೇಕ ಮಕ್ಕಳು ಕಂಡದ್ದು ಯಾರೂ ಒಂಟಿಯಾಗಿ ಉಳಿಯದ ಮುಕ್ತಾಯ. ವಿಮ್ಮರ್‌ಬಿಯ ಸ್ಮಶಾನದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಒಟ್ಟಿಗೆ ಮಣ್ಣಾದ ಇಬ್ಬರು ಬಾಲ ಸೋದರರ ಸಮಾಧಿಯ ಶಿಲುಬೆ ಈ ಕಥೆಯ ಬೀಜಗಳಲ್ಲೊಂದು.

ಇನ್ನು ಅವರ ಸಾರ್ವಜನಿಕ ಬದುಕು. ಇಲ್ಲಿ ದಂತಕಥೆಯನ್ನೂ ಸಂಗತಿಯನ್ನೂ ಬೇರ್ಪಡಿಸಿ ನೋಡುವುದು ಒಳ್ಳೆಯದು. 1976ರಲ್ಲಿ ತಮ್ಮ ಆದಾಯದ ಮೇಲಿನ ತೆರಿಗೆ ಶೇಕಡ 102 ಎಂದು ಲಿಂಡ್‌ಗ್ರೆನ್ ಕಂಡುಕೊಂಡರು. ನೂರಕ್ಕೆ ನೂರೆರಡು ಹೇಗೆ ಸಾಧ್ಯ? ಸ್ವೀಡನ್ನಿನಲ್ಲಿ ಆದಾಯ ಏರಿದಂತೆ ತೆರಿಗೆಯ ದರವೂ ಏರುತ್ತಿತ್ತು, ಮೇಲಿನ ಹಂತದಲ್ಲಿ ಅದು ಬಹುಪಾಲನ್ನು ನುಂಗುತ್ತಿತ್ತು. ಸಂಬಳದಾರರ ಪರವಾಗಿ ಸಾಮಾಜಿಕ ಭದ್ರತೆಯ ಶುಲ್ಕವನ್ನು ಮಾಲೀಕರು ಕಟ್ಟುತ್ತಿದ್ದರೆ, ಲೇಖಕರಂಥ ಸ್ವಂತ ದುಡಿಮೆಯವರು ಅದನ್ನು ತಾವೇ ಕಟ್ಟಬೇಕಿತ್ತು. ಎರಡನ್ನೂ ಕೂಡಿದಾಗ, ಹೆಚ್ಚುವರಿಯಾಗಿ ಗಳಿಸಿದ ಪ್ರತಿ ನೂರು ಕ್ರೋನಾಗೆ ನೂರೆರಡು ಕ್ರೋನಾ ಕೊಡುವ ಲೆಕ್ಕ ಬರುತ್ತಿತ್ತು. ಲಿಂಡ್‌ಗ್ರೆನ್ ದೂರು ಬರೆಯಲಿಲ್ಲ, ಕಥೆ ಬರೆದರು. ಮಾರ್ಚ್ 10ರ ‘ಎಕ್ಸ್‌ಪ್ರೆಸ್ಸೆನ್’ ಪತ್ರಿಕೆಯಲ್ಲಿ ಬಂದ ಆ ಕಥೆಯಲ್ಲಿ ಮೊನಿಸ್ಮೇನಿಯಾ ಎಂಬ ನಾಡಿನ ಪೊಂಪೆರಿಪೊಸ್ಸಾ ಎಂಬ ಮಕ್ಕಳ ಲೇಖಕಿ ಎಷ್ಟು ಹೆಚ್ಚು ಗಳಿಸಿದರೆ ಅಷ್ಟು ಬಡವಾಗುತ್ತಾಳೆ. ಹಣಕಾಸು ಮಂತ್ರಿ ಗುನ್ನಾರ್ ಸ್ಟ್ರೆಂಗ್, ಈಕೆಗೆ ಬರವಣಿಗೆ ಬರುತ್ತದೆ, ತೆರಿಗೆಯ ಜಟಿಲತೆ ತಿಳಿಯದು ಎಂಬ ಧಾಟಿಯಲ್ಲಿ ಹಗುರವಾಗಿ ಮಾತನಾಡಿದಾಗ, ಮಂತ್ರಿಗಳಿಗೆ ಕಥೆ ಹೇಳಲು ಬರುತ್ತದೆ, ಲೆಕ್ಕ ಬರುವುದಿಲ್ಲ, ನಾವಿಬ್ಬರೂ ಕೆಲಸ ಅದಲುಬದಲು ಮಾಡಿಕೊಳ್ಳೋಣ ಎಂದು ಆಕೆ ತಿರುಗೇಟು ಕೊಟ್ಟರು. ಅದೇ ಸೆಪ್ಟೆಂಬರ್‌ನ ಚುನಾವಣೆಯಲ್ಲಿ, ನಾಲ್ಕು ದಶಕಗಳಿಗೂ ಮೀರಿ ಆಳಿದ್ದ ಸೋಷಿಯಲ್ ಡೆಮಾಕ್ರಾಟಿಕ್ ಪಕ್ಷ ಅಧಿಕಾರ ಕಳೆದುಕೊಂಡಿತು. ಒಂದು ಕಥೆ ಸರ್ಕಾರವನ್ನೇ ಉರುಳಿಸಿತು ಎಂದು ಈಗಲೂ ಹೇಳುವುದುಂಟು. ಅಣುವಿದ್ಯುತ್ತಿನ ವಿವಾದವೂ ಸೇರಿ ಹಲವು ಕಾರಣಗಳು ಆ ಸೋಲಿನ ಹಿಂದಿದ್ದವು. ಲಿಂಡ್‌ಗ್ರೆನ್ ಅದೇ ಪಕ್ಷದ ದೀರ್ಘಕಾಲದ ಬೆಂಬಲಿಗರು. ಅವರ ಸಿಟ್ಟು ತೆರಿಗೆಯ ಮೇಲಲ್ಲ, ಬಹಳ ಕಾಲ ಆಳಿ ಕಿವಿ ಮಂದವಾದ ಅಧಿಕಾರದ ಮೇಲೆ.

ಎರಡು ವರ್ಷಗಳ ನಂತರ, 1978ರ ಅಕ್ಟೋಬರ್‌ನಲ್ಲಿ, ಜರ್ಮನ್ ಪುಸ್ತಕೋದ್ಯಮದ ಶಾಂತಿ ಪ್ರಶಸ್ತಿಯನ್ನು ಸ್ವೀಕರಿಸಲು ಫ್ರಾಂಕ್‌ಫರ್ಟಿಗೆ ಹೋಗಬೇಕಿತ್ತು. ಭಾಷಣದ ಪ್ರತಿಯನ್ನು ಮುಂಗಡವಾಗಿ ನೋಡಿದ ಸಂಘಟಕರು ಪ್ರಶಸ್ತಿ ಸ್ವೀಕರಿಸಿ ಧನ್ಯವಾದ ಹೇಳಿದರೆ ಸಾಕೆಂದು ಸೂಚಿಸಿದರು. ಮಾತನಾಡಲು ಬಿಡದಿದ್ದರೆ ಬರುವುದೇ ಇಲ್ಲ ಎಂದು ಎಪ್ಪತ್ತರ ಲೇಖಕಿ ಪಟ್ಟು ಹಿಡಿದರು. ಆ ಭಾಷಣದ ನಡುವೆ ಒಂದು ಪುಟ್ಟ ಕಥೆಯಿದೆ. ನಮ್ಮಲ್ಲಿ ದಂಡಂ ದಶಗುಣಂ ಎನ್ನುವಂತೆ, ಬೆತ್ತಕ್ಕೆ ಕೆಲಸ ಕೊಡದಿದ್ದರೆ ಮಗು ಕೆಡುತ್ತದೆ ಎಂಬ ಮಾತನ್ನು ಆ ಸೀಮೆಯವರು ಬೈಬಲ್ಲಿನಿಂದ ಹೇಳುತ್ತಿದ್ದ ಕಾಲ. ಎಳೆಯ ತಾಯಿಯೊಬ್ಬಳು ತಪ್ಪು ಮಾಡಿದ ಮಗನಿಗೆ, ನಿನ್ನನ್ನು ಹೊಡೆಯಲು ನೀನೇ ಹೋಗಿ ಬರ್ಚ್ ಮರದ ಕೋಲನ್ನು ತಾ ಎನ್ನುತ್ತಾಳೆ. ಬಹಳ ಹೊತ್ತಿನ ಮೇಲೆ ಹುಡುಗ ಅಳುತ್ತಾ ಬಂದು, ಕೋಲು ಸಿಗಲಿಲ್ಲ, ಇಗೋ ಕಲ್ಲು, ಇದನ್ನು ನನ್ನ ಮೇಲೆ ಎಸೆಯಬಹುದು ಎನ್ನುತ್ತಾನೆ. ಅಮ್ಮನಿಗೆ ತನ್ನನ್ನು ನೋಯಿಸುವುದಷ್ಟೇ ಬೇಕಾಗಿದೆ, ಹಾಗಾದರೆ ಕಲ್ಲೂ ಆದೀತು ಎಂಬುದು ಮಗುವಿನ ತರ್ಕ. ತಾಯಿ ಮಗನನ್ನು ಅಪ್ಪಿ ಅತ್ತು, ಆ ಕಲ್ಲನ್ನು ಅಡುಗೆಮನೆಯ ಹಲಗೆಯ ಮೇಲೆ ನೆನಪಿಗಾಗಿ ಇಟ್ಟುಕೊಂಡಳು. ಸರ್ವಾಧಿಕಾರಿಗಳು ತಯಾರಾಗುವುದು ಪೆಟ್ಟು ತಿಂದ ಬಾಲ್ಯದಲ್ಲಿ ಎಂದು ಲಿಂಡ್‌ಗ್ರೆನ್ ಶಾಂತಿಯ ಪ್ರಶ್ನೆಯನ್ನು ಅಡುಗೆಮನೆಗೆ ತಂದರು.

ಮರುವರ್ಷ, 1979ರಲ್ಲಿ, ಮಕ್ಕಳನ್ನು ಹೆತ್ತವರೂ ಹೊಡೆಯಬಾರದೆಂದು ಕಾನೂನು ಮಾಡಿದ ಜಗತ್ತಿನ ಮೊದಲ ದೇಶ ಸ್ವೀಡನ್ ಆಯಿತು. ಆ ಕಾನೂನಿನ ಸಿದ್ಧತೆ ಭಾಷಣಕ್ಕೆ ಮೊದಲೇ ನಡೆದಿದ್ದರಿಂದ ಅದು ಅವರೊಬ್ಬರ ಸಾಧನೆ ಎನ್ನುವುದು ಸರಿಯಲ್ಲ. ಪೆಟ್ಟು ಕೊಡುವುದು ನಾಚಿಕೆಯ ಸಂಗತಿ ಎಂಬ ಭಾವನೆಯನ್ನು ಓದುಗರ ಎರಡು ತಲೆಮಾರುಗಳಲ್ಲಿ ಬೆಳೆಸಿದ್ದರಲ್ಲಿ ಅವರ ಪಾಲು ದೊಡ್ಡದು. ಭಾಷಣ ನಡೆದ ಜರ್ಮನಿ ಅಂಥದೇ ಕಾನೂನಿಗೆ ಬಂದದ್ದು 2000ದಲ್ಲಿ.

ಎಂಬತ್ತರ ಹತ್ತಿರದಲ್ಲಿ ಅವರು ಪಶುವೈದ್ಯೆ ಕ್ರಿಸ್ಟಿನಾ ಫಾರ್ಸ್‌ಲುಂಡ್ ಅವರೊಡನೆ ಸೇರಿ, ಬಿಸಿಲು ಕಾಣದ ಹಸು, ಪಂಜರದ ಕೋಳಿಗಳ ಪರವಾಗಿ ಪತ್ರಿಕೆಗಳಲ್ಲಿ ಬರೆಯತೊಡಗಿದರು. ರೈತನ ಮಗಳಿಗೆ ದನಗಳ ಬಗ್ಗೆ ಯಾರೂ ಪಾಠ ಹೇಳುವಂತಿರಲಿಲ್ಲ. 1988ರ ಪ್ರಾಣಿ ಸಂರಕ್ಷಣಾ ಕಾನೂನಿಗೆ ಜನ ಅವರ ಹೆಸರನ್ನೇ ಇಟ್ಟರು. ಅವರಿಗೋ ಅದು ಸಾಕಷ್ಟು ಬಿಗಿಯಾಗಿಲ್ಲವೆಂಬ ಅಸಮಾಧಾನವೇ ಉಳಿಯಿತು. ಅದಕ್ಕೆ ಎರಡು ವರ್ಷ ಮೊದಲು, 1986ರಲ್ಲಿ, ಮಗ ಲಾರ್ಸ್ ತೀರಿಕೊಂಡಿದ್ದ.

ಆಸ್ಟ್ರಿಡ್ ಲಿಂಡ್‌ಗ್ರೆನ್ 2002ರ ಜನವರಿ 28ರಂದು, 94ನೆಯ ವಯಸ್ಸಿನಲ್ಲಿ, 1941ರಿಂದ ವಾಸವಿದ್ದ ಅದೇ ಮನೆಯಲ್ಲಿ ನಿಧನರಾದರು. ವಿಮ್ಮರ್‌ಬಿಯಲ್ಲಿ ಹೆತ್ತವರ ಬಳಿಯೇ ಮಣ್ಣಾದರು. ಅದೇ ವರ್ಷ ಸ್ವೀಡನ್ ಸರ್ಕಾರ ಅವರ ಹೆಸರಿನಲ್ಲಿ 50 ಲಕ್ಷ ಕ್ರೋನಾ ಮೊತ್ತದ ಅಂತರರಾಷ್ಟ್ರೀಯ ಮಕ್ಕಳ ಸಾಹಿತ್ಯ ಪ್ರಶಸ್ತಿಯನ್ನು ಸ್ಥಾಪಿಸಿತು. 2015ರಿಂದ ಚಲಾವಣೆಗೆ ಬಂದ 20 ಕ್ರೋನಾ ನೋಟಿನ ಮೇಲೆ ಅವರ ಮುಖವಿದೆ; ಶೇಕಡ 102ರ ಲೆಕ್ಕ ಹಾಕಿದಾಕೆಯನ್ನು ಸರ್ಕಾರ ನೋಟಿನ ಮೇಲೇ ಅಚ್ಚು ಹಾಕಿಸಿದ್ದನ್ನು ಪೊಂಪೆರಿಪೊಸ್ಸಾ ಕಂಡಿದ್ದರೆ ನಕ್ಕಿರುತ್ತಿದ್ದಳು.

ಅವರ ಕಾಗದಪತ್ರಗಳು ಸ್ವೀಡನ್ನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ, 2005ರಲ್ಲಿ ಯುನೆಸ್ಕೊದ ‘ವಿಶ್ವ ಸ್ಮೃತಿ’ ಪಟ್ಟಿಗೆ ಸೇರಿವೆ. ಜಗತ್ತಿನ ಮೂಲೆಮೂಲೆಯ ಓದುಗರು ಬರೆದ ಸಾವಿರಾರು ಪತ್ರಗಳ ಜೊತೆಗೆ ಅಲ್ಲಿ ಸುಮಾರು 670 ಶೀಘ್ರಲಿಪಿ ಪುಸ್ತಕಗಳಿವೆ. ಬಸಿರಿನ ಕಾರಣಕ್ಕೆ ಊರು ಬಿಟ್ಟು ಬಂದ ಹುಡುಗಿ ಹೊಟ್ಟೆಪಾಡಿಗೆ ಕಲಿತ ಆ ಲಿಪಿಯನ್ನು ಬೇರೆಯವರು ಓದಲಾರರೆಂದು ದಶಕಗಳ ಕಾಲ ಅವುಗಳನ್ನು ಯಾರೂ ಮುಟ್ಟಿರಲಿಲ್ಲ. ಇತ್ತೀಚೆಗೆ, ಹಳೆಯ ಶೀಘ್ರಲಿಪಿ ಬಲ್ಲ ಸ್ವಯಂಸೇವಕರ ನೆರವಿನಿಂದ ಸಂಶೋಧಕರು ‘ಸಿಂಹಹೃದಯದ ಸೋದರರು’ ಕಾದಂಬರಿಯ ಪುಸ್ತಕಗಳಿಂದ ಆರಂಭಿಸಿ ಓದುತ್ತಿದ್ದಾರೆ. ಬಾಯಿಂದ ಹರಿದು ಬಂದಂತೆ ಕಾಣುವ ಆ ವಾಕ್ಯಗಳನ್ನು ಲಿಂಡ್‌ಗ್ರೆನ್ ಎಷ್ಟೆಷ್ಟು ಬಾರಿ ಹೊಡೆದು ಹಾಕಿ ಮತ್ತೆ ಬರೆದಿದ್ದರೆಂಬುದು ಒಂದೊಂದು ಪುಟವಾಗಿ ಹೊರಬರುತ್ತಿದೆ.